ಹಳೆಯ ಸಿಆರ್‌ಒ ನಿಜ ಹೇಳುತ್ತದೆ, ಡಿಜಿಟಲ್ ಸ್ಕೋಪ್ ಸುಳ್ಳು ಹೇಳುತ್ತದೆಯೇ?

ಎಲೆಕ್ಟ್ರಾನಿಕ್ಸ್ ಹವ್ಯಾಸ ಇರುವವರಿಗೆ ಈ ಮಾತು ಹೊಸದಲ್ಲ: "ಹಳೆಯ ಅನಲಾಗ್ ಸಿಆರ್‌ಒ ಸಿಕ್ಕರೆ ಬಿಡಬೇಡಿ, ಅದು ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಡಿಜಿಟಲ್‌ನಲ್ಲಿ ಕಾಣುವುದು ಬರೀ ಲೆಕ್ಕ ಹಾಕಿ ಬರೆದ ಚಿತ್ರ." ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಯಾವುದೋ ಲ್ಯಾಬಿನಿಂದ ಹೊರಬಿದ್ದ ಸಿಆರ್‌ಒ ಕಂಡಾಗ ಇದೇ ಮಾತು ನೆನಪಾಗಿ ಕೈ ಜೇಬಿಗೆ ಹೋಗುತ್ತದೆ. ಈ ಮಾತು ಅರ್ಧ ಮಾತ್ರ ನಿಜ.

ಮಲ್ಟಿಮೀಟರ್ ಕೊಡುವುದು ಒಂದು ಸಂಖ್ಯೆ. ಆಸಿಲೋಸ್ಕೋಪ್ ವೋಲ್ಟೇಜ್ ಕ್ಷಣಕ್ಷಣಕ್ಕೆ ಹೇಗೆ ಏರಿಳಿಯುತ್ತಿದೆ ಎಂದು ಚಿತ್ರ ಬಿಡಿಸುತ್ತದೆ. ಅನಲಾಗ್ ಸ್ಕೋಪಿನಲ್ಲಿ ಆ ಕೆಲಸ ಮಾಡುವುದು, 1897ರಲ್ಲಿ ಜರ್ಮನಿಯ ಕಾರ್ಲ್ ಫರ್ಡಿನಾಂಡ್ ಬ್ರೌನ್ ರೂಪಿಸಿದ ಕ್ಯಾಥೋಡ್ ರೇ ಟ್ಯೂಬ್. ನಮ್ಮ ಸಿಗ್ನಲ್ಲೇ ಎಲೆಕ್ಟ್ರಾನ್ ಕಿರಣವನ್ನು ಮೇಲೆ ಕೆಳಗೆ ಬಾಗಿಸುತ್ತದೆ, ಕಿರಣ ತಾಗಿದಲ್ಲಿ ಪರದೆ ಹೊಳೆಯುತ್ತದೆ. ಹೊಳಪು ಕ್ಷಣದಲ್ಲಿ ಆರುತ್ತದೆ. ಅದೇ ಅಲೆ ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ಚಿತ್ರ ನಿಲ್ಲುತ್ತದೆ.

ಡಿಜಿಟಲ್ ಸ್ಕೋಪ್ ಸಿಗ್ನಲ್ಲನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಅಳೆದು ಮೆಮೊರಿಯಲ್ಲಿ ಇಡುತ್ತದೆ. ಹೆಚ್ಚಿನವು 8 ಬಿಟ್‌ನವು, ಅಂದರೆ ಪರದೆಯ ಎತ್ತರ 256 ಮೆಟ್ಟಿಲುಗಳಲ್ಲಿ ಮುಗಿಯುತ್ತದೆ. ಎರಡು ಅಳತೆಗಳ ನಡುವೆ ಏನಾಯಿತೆಂದು ಅದಕ್ಕೆ ತಿಳಿಯದು.

ಸುಳ್ಳು ಹುಟ್ಟುವುದು ಇಲ್ಲಿಯೇ. ಸಿನಿಮಾದಲ್ಲಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದಿಲ್ಲವೇ? ಹಾಗೆಯೇ, ಸೆಕೆಂಡಿಗೆ 10 ಲಕ್ಷ ಸಲ ಅಳೆಯುವ ಸ್ಕೋಪಿಗೆ 999 ಕಿಲೋಹರ್ಟ್ಸ್ ಸಿಗ್ನಲ್ ಕೊಟ್ಟರೆ ಪರದೆಯ ಮೇಲೆ 1 ಕಿಲೋಹರ್ಟ್ಸ್‌ನ ಅಂದವಾದ ಅಲೆ ಮೂಡುತ್ತದೆ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ. ಟೈಮ್/ಡಿವಿಷನ್ ನಿಧಾನಕ್ಕೆ ಇಟ್ಟಾಗ, ಮೆಮೊರಿ ಸಾಲದೆ ಸ್ಕೋಪ್ ತಾನಾಗಿ ಸ್ಯಾಂಪಲ್ ವೇಗ ಇಳಿಸುವುದರಿಂದ ಇದು ಒಳ್ಳೆಯ ಸ್ಕೋಪಿನಲ್ಲೂ ಆಗಬಹುದು. ಅನುಮಾನ ಬಂದರೆ ಆ ನಾಬ್ ಅನ್ನು ವೇಗದ ಕಡೆಗೆ ಎರಡು ಮೂರು ಹೆಜ್ಜೆ ತಿರುಗಿಸಿ. ಅಳೆದ ಫ್ರೀಕ್ವೆನ್ಸಿಯೇ ಬದಲಾದರೆ ಮೊದಲು ಕಂಡದ್ದು ಸುಳ್ಳು.

ಅನಲಾಗ್ ಏನೂ ಹರಿಶ್ಚಂದ್ರನಲ್ಲ. 20 ಮೆಗಾಹರ್ಟ್ಸ್ ಸಿಆರ್‌ಒಗೆ 16 ಮೆಗಾಹರ್ಟ್ಸ್ ಸ್ಕ್ವೇರ್ ವೇವ್ ಕೊಟ್ಟರೆ ಮೂಲೆಗಳು ಕರಗಿ ಸೈನ್ ವೇವ್‌ನಂತೆ ಕಾಣುತ್ತದೆ. 20 ಮೆಗಾಹರ್ಟ್ಸ್ ಸೈನ್ ವೇವ್ 1 ವೋಲ್ಟ್ ಇದ್ದರೆ 0.7 ವೋಲ್ಟ್ ಎಂದು ತೋರಿಸುತ್ತದೆ. ಬ್ಯಾಂಡ್‌ವಿಡ್ತ್ ಎಂಬುದರ ಅರ್ಥವೇ ಅದು.

ಹಾಗಾದರೆ ಯಾವುದು? ನಿಮ್ಮ ಸಿಗ್ನಲ್ ಮರುಕಳಿಸುತ್ತದೆಯೇ, ಒಂದೇ ಸಲ ಬಂದು ಹೋಗುತ್ತದೆಯೇ ನೋಡಿ. ಆಂಪ್ಲಿಫೈಯರ್, 555 ಟೈಮರ್, ಪವರ್ ಸಪ್ಲೈನ ರಿಪಲ್ ಇವಕ್ಕೆ 20 ಮೆಗಾಹರ್ಟ್ಸ್ ಸಿಆರ್‌ಒ ಧಾರಾಳ. ಎಕ್ಸ್-ವೈ ಮೋಡ್‌ನಲ್ಲಿ ಅದು ಬಿಡಿಸುವ ಚಿತ್ರಗಳ ಚಂದ ಅಗ್ಗದ ಡಿಜಿಟಲ್‌ಗಳಿಗೆ ಬರುವುದಿಲ್ಲ. ಆದರೆ ಆರ್ಡುಯಿನೋ, ಇಎಸ್‌ಪಿ32 ಹಿಡಿದು ಕೂತವರ ಕಷ್ಟ ಬೇರೆ. ಟಿವಿ ರಿಮೋಟಿನ ಗುಂಡಿ ಒತ್ತಿ ನೋಡಿ: 38 ಕಿಲೋಹರ್ಟ್ಸ್ ಮೇಲೆ ಕೂತ ಸಂಕೇತ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬಂದು ಮುಗಿಯುತ್ತದೆ. ಸಿಆರ್‌ಒನಲ್ಲಿ ಫಳಕ್ಕೆಂದು ಮಿಂಚಿ ಮಾಯ. ಡಿಜಿಟಲ್‌ನಲ್ಲಿ 'ಸಿಂಗಲ್' ಒತ್ತಿ ಕಾದರೆ ಅದು ಪರದೆಯ ಮೇಲೆ ನಿಂತು ಬಿಡುತ್ತದೆ, ಹಿಗ್ಗಿಸಿ ಬಿಟ್ ಬಿಟ್ಟಾಗಿ ಓದಬಹುದು. ಹೊಸದಾಗಿ ಕಲಿಯುತ್ತಿರುವ ಹೆಚ್ಚಿನವರು ಇಂದು ಮಾಡುವುದು ಇಂಥ ಕೆಲಸವೇ. ಒಂದೇ ಸ್ಕೋಪಿಗೆ ದುಡ್ಡಿದ್ದರೆ ನನ್ನ ಮತ ಡಿಜಿಟಲ್‌ಗೆ.

ಡಿಜಿಟಲ್ ಕೊಳ್ಳುವಾಗ ಡಬ್ಬದ ಮೇಲಿನ ಮೆಗಾಹರ್ಟ್ಸ್ ಒಂದನ್ನೇ ನೋಡಬೇಡಿ. ಎಲ್ಲ ಚಾನೆಲ್ ಆನ್ ಇದ್ದಾಗ ಸ್ಯಾಂಪಲ್ ವೇಗ ಎಷ್ಟು ಎಂದು ಕೇಳಿ. ಹೆಸರಾಂತ ರಿಗಾಲ್ ಡಿಎಸ್1054ಜೆಡ್‌ನಲ್ಲೇ ಒಂದು ಚಾನೆಲ್‌ಗೆ ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ಇದ್ದದ್ದು, ನಾಲ್ಕೂ ಹಾಕಿದಾಗ 25 ಕೋಟಿಗೆ ಇಳಿಯುತ್ತದೆ. ಆಟಿಕೆಯಂಥ ಡಿಎಸ್‌ಒ138 ಕಿಟ್ ಸೆಕೆಂಡಿಗೆ 10 ಲಕ್ಷ ಸಲ ಮಾತ್ರ ಅಳೆಯುತ್ತದೆ. ಆಡಿಯೋಗೆ ಸರಿ, ಅದಕ್ಕಿಂತ ಆಚೆ ನೆಚ್ಚಿಕೊಳ್ಳುವಂತಿಲ್ಲ.

ಸಿಆರ್‌ಒ ಕೊಳ್ಳುವುದೇ ಆದರೆ ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಆನ್ ಮಾಡಿಸಿ. ಗೆರೆ ತೆಳ್ಳಗೆ ಬರಬೇಕು, ಬ್ರೈಟ್‌ನೆಸ್ ಪೂರ್ತಿ ತಿರುಗಿಸದೆಯೇ ಕಾಣಬೇಕು. ಮುಂಭಾಗದ 'ಕ್ಯಾಲ್' ಪಿನ್ನಿಗೆ ಪ್ರೋಬ್ ಸಿಕ್ಕಿಸಿ, ಸಾಮಾನ್ಯವಾಗಿ 1 ಕಿಲೋಹರ್ಟ್ಸ್‌ನ ಸ್ಕ್ವೇರ್ ವೇವ್ ಬರುತ್ತದೆ. ಅದನ್ನು ಇಟ್ಟುಕೊಂಡು ಎರಡೂ ಚಾನೆಲ್‌ಗಳ ಪ್ರತಿ ನಾಬ್ ತಿರುಗಿಸಿ. ಸ್ವಿಚ್‌ನ ಕೊಳೆಯನ್ನು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆಯಬಹುದು, ಕೆಪಾಸಿಟರ್ ಬದಲಿಸಬಹುದು. ಟ್ಯೂಬ್ ಮಂಕಾಗಿದ್ದರೆ ಅಥವಾ ಪರದೆ ಸುಟ್ಟು ಕಲೆಯಾಗಿದ್ದರೆ ಬಿಟ್ಟು ಬನ್ನಿ, ಬದಲಿ ಸಿಗುವುದು ಬಹಳ ಕಷ್ಟ. ಕೆಟ್ಟದ್ದನ್ನು ತಂದು ಮನೆಯಲ್ಲಿ ಬಿಚ್ಚುವ ಆಸೆ ಬೇಡ. ಟ್ಯೂಬಿಗೆ 2000 ವೋಲ್ಟ್ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಎರಡರಲ್ಲೂ ಒಂದೇ ಅಪಾಯ

ಕರೆಂಟಿಗೆ ಪ್ಲಗ್ ಹಾಕುವ ಸ್ಕೋಪ್ ಅನಲಾಗ್ ಆಗಲಿ ಡಿಜಿಟಲ್ ಆಗಲಿ, ಪ್ರೋಬಿನ ಮೊಸಳೆ ಕ್ಲಿಪ್ ಸಾಮಾನ್ಯವಾಗಿ ನೇರ ಗೋಡೆಯ ಅರ್ಥ್‌ಗೆ ಸೇರಿರುತ್ತದೆ. ಚಾರ್ಜರ್ ಅಥವಾ ಎಲ್‌ಇಡಿ ಡ್ರೈವರ್ ಬಿಚ್ಚಿ 230 ವೋಲ್ಟ್ ಬರುವ ಕಡೆಯ 'ನೆಗೆಟಿವ್'ಗೆ ಆ ಕ್ಲಿಪ್ ಹಾಕಿದಿರೋ, ಶಾರ್ಟ್ ಆಗಿ ಢಮಾರ್. ಅಲ್ಲಿ ರೆಕ್ಟಿಫೈ ಆದ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ.

ಇದಕ್ಕೆ ಪರಿಹಾರವೆಂದು "ಸ್ಕೋಪಿನ ಪ್ಲಗ್‌ನ ಮೂರನೇ ಪಿನ್ ಕತ್ತರಿಸಿ" ಎಂಬ ಸಲಹೆ ಬಂದರೆ ಮುಂದಕ್ಕೆ ಕಳಿಸಬೇಡಿ. ಆಗ ಶಾರ್ಟ್ ಆಗದು ನಿಜ, ಆದರೆ ಸ್ಕೋಪಿನ ಲೋಹದ ಮೈಗೂ ನೀವು ಕೈಯಿಡುವ ಕನೆಕ್ಟರ್‌ಗೂ ಅದೇ ವೋಲ್ಟೇಜ್ ಬಂದು ಕೂರುತ್ತದೆ. ಮುಟ್ಟಿದವರು ಸಾಯಬಹುದು. ಅಂಥ ಸರ್ಕ್ಯೂಟ್ ನೋಡಲೇಬೇಕಾದರೆ ಡಿಫರೆನ್ಷಿಯಲ್ ಪ್ರೋಬ್ ಬಳಸಬೇಕು. ಇಲ್ಲವೇ ಪರೀಕ್ಷೆಗಿಟ್ಟ ಬೋರ್ಡಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮೂಲಕ ಕರೆಂಟ್ ಕೊಡಬೇಕು, ಸ್ಕೋಪಿಗಲ್ಲ. ಎರಡೂ ಇಲ್ಲದಿದ್ದರೆ ಆ ಬೋರ್ಡಿನ 230 ವೋಲ್ಟ್ ಭಾಗಕ್ಕೆ ಪ್ರೋಬ್ ಹಾಕಬೇಡಿ, ಕೆಳಗಿನ 5 ಅಥವಾ 12 ವೋಲ್ಟ್ ಔಟ್‌ಪುಟ್ ಕಡೆ ಮಾತ್ರ ಅಳೆಯಿರಿ. ಆ ಔಟ್‌ಪುಟ್ ಮೇನ್ಸ್‌ನಿಂದ ಬೇರ್ಪಟ್ಟಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಅಗ್ಗದ ಎಲ್‌ಇಡಿ ಡ್ರೈವರ್‌ಗಳಲ್ಲಿ ಎಷ್ಟೋ ಸಲ ಬೇರ್ಪಟ್ಟಿರುವುದಿಲ್ಲ.