ನೀಲಿ ಮೆರುಗು, ಕೆಂಪು ಲೇಪ

ಗದಗ-ಬೆಟಗೇರಿಯ ಸಂತೆಯಲ್ಲಿ ಕೊಂಡ ಕುಂಬಾರರ ಗಡಿಗೆಯನ್ನೂ ಮನೆಯ ಪಿಂಗಾಣಿ ಬಟ್ಟಲನ್ನೂ ಒಮ್ಮೆ ಅಕ್ಕಪಕ್ಕ ಇಟ್ಟು ನೋಡಿರಿ. ಗಡಿಗೆ ನೀರನ್ನು ಹೀರುತ್ತದೆ, ಬಟ್ಟಲು ಹೀರದು. ಬಟ್ಟಲಿನ ಮೈಮೇಲೆ ಬೆಂಕಿಯಲ್ಲಿ ಕರಗಿ ಗಾಜಾದ ತೆಳುಪದರವಿರುವುದೇ ಇದಕ್ಕೆ ಕಾರಣ.

ಈ ಗಾಜುಮೆರುಗಿನ ವಿದ್ಯೆಯಲ್ಲಿ ಪ್ರಾಚೀನ ಈಜಿಪ್ಟಿನವರು ನಿಪುಣರು. ಕ್ರಿ.ಪೂ. 30ರಲ್ಲಿ ಅವರ ನಾಡು ರೋಮನ್ನರ ವಶವಾದರೂ ಆ ಕಲೆ ಅಳಿಯಲಿಲ್ಲ. ಮೆಂಫಿಸ್ ನಗರದಲ್ಲಿದ್ದ ರೋಮನ್ ಕಾಲದ ಆವಿಗೆಗಳನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ಲಿಂಡರ್ಸ್ ಪೆಟ್ರಿ ಅಗೆದು ತೆಗೆದರು. ಬೆಣಚುಕಲ್ಲಿನ ಪುಡಿಗೆ ಸುಣ್ಣ, ಕ್ಷಾರಗಳನ್ನು ಬೆರೆಸಿ ಪಾತ್ರೆಯ ಒಡಲನ್ನು ರೂಪಿಸುತ್ತಿದ್ದರು. ಮೆರುಗಿಗೆ ನೀಲಿ ಬಣ್ಣ ಬರುತ್ತಿದ್ದುದು ತಾಮ್ರದಿಂದ. ಆ ನೀಲಿಯ ಮೇಲೆ ಪ್ರಾಣಿಗಳ, ಎಲೆಬಳ್ಳಿಗಳ ಸಾಲುಗಳು ಮೂಡುತ್ತಿದ್ದವು.

ಅದೇ ಕಾಲದಲ್ಲಿ ನಮ್ಮ ಕುಂಬಾರರು ಏನು ಮಾಡುತ್ತಿದ್ದರು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನ ಇದಕ್ಕೆ ಉತ್ತರ ನೀಡುತ್ತದೆ. ಅಲ್ಲಿ ದೊರೆತ ಸಾತವಾಹನರ ಕಾಲದ ಮಡಕೆಗಳಿಗೆ ಗಾಜಿನ ಪದರವಿಲ್ಲ. ಬಿಳಿಯ ಗೆರೆಗಳ ಚಿತ್ತಾರ ಬರೆದು, ಕೆಂಗಾವಿಯ ಲೇಪ ಕೊಟ್ಟು, ಉಜ್ಜಿ ಹೊಳಪು ತಂದಿದ್ದಾರೆ. ಬೀದರಿನಲ್ಲಿ 1472ರ ಮಹಮೂದ್ ಗವಾನನ ಮದರಸಾದ ಗೋಡೆಗಳ ಮೇಲೆ ಇಂದಿಗೂ ಉಳಿದಿರುವ ಮೆರುಗಿನ ಬಿಲ್ಲೆಗಳು ಬಹುಕಾಲದ ನಂತರದವು.

ಎರಡೂ ನಾಡುಗಳ ಕುಂಬಾರಿಕೆ ಬೇರೆಯಾದರೂ ವ್ಯಾಪಾರದ ನಂಟು ಇತ್ತು. ಈಜಿಪ್ಟಿನ ಬೆರೆನಿಕೆ ಬಂದರಿನ ದೇಗುಲವೊಂದರಲ್ಲಿ, ಭಾರತದಲ್ಲಿ ಮಾಡಿದ ಹರವಿಯೊಳಗೆ ಏಳೂವರೆ ಕಿಲೋ ಕರಿಮೆಣಸು ದೊರೆತಿದೆ. ಇತ್ತ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ವ್ಹೀಲರ್ ಆ ನಾಣ್ಯಗಳನ್ನೂ ಚುಕ್ಕೆಸಾಲಿನ ಅಲಂಕಾರವಿದ್ದ ಮಡಕೆ ಚೂರುಗಳನ್ನೂ ಆಧರಿಸಿಯೇ ಮಣ್ಣಿನ ಪದರಗಳ ಕಾಲವನ್ನು ಗುರುತಿಸಿದರು. ಆ ಚೂರುಗಳನ್ನು ಅವರು ರೋಮನ್ ನಾಡಿನವೆಂದು ಭಾವಿಸಿದ್ದರು. ಅವು ಭಾರತದ ಮಣ್ಣಿನವೆಂದು ನಂತರದ ಸಂಶೋಧನೆ ತೋರಿಸಿತು. ಚೂರು ಉಳಿದಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ರೈತ ಬಾಂಧವರು ಇದನ್ನು ಗಮನಿಸಬೇಕು. ಹಾಳೂರಿನ ದಿಬ್ಬದ ಮಣ್ಣನ್ನು ಹೊಲಕ್ಕೆ ಸಾಗಿಸಿದರೆ ಚೂರು ಉಳಿದರೂ ಅದು ಬಿದ್ದಿದ್ದ ಪದರ ಉಳಿಯುವುದಿಲ್ಲ. ಪದರ ಕಲಸಿಹೋದ ಮೇಲೆ ಚೂರು ತನ್ನ ಕಾಲವನ್ನು ಹೇಳಲಾರದು. ಆದ್ದರಿಂದ ಅಂಥ ದಿಬ್ಬವನ್ನು ಅಗೆಯದೆ, ಮೊದಲು ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ನಮ್ಮ ನೆಲದ ಚರಿತ್ರೆಯ ಎಷ್ಟೋ ಪುಟಗಳು ಇನ್ನೂ ಮಣ್ಣಿನಲ್ಲಿಯೇ ಇವೆ.