ತುರಗಪದಬಂಧ

ತುರಗಪದಬಂಧ: ಚದುರಂಗದ ಕುದುರೆಯ ನಡೆಯನ್ನು ಅನುಸರಿಸಿ ಪದ್ಯದ ಅಕ್ಷರಗಳನ್ನು ಓದಿಕೊಳ್ಳುವ ಸಂಸ್ಕೃತ ಚಿತ್ರಕಾವ್ಯದ ಒಂದು ಬಂಧ. ತುರಗಬಂಧವೆಂದೂ ಹೆಸರು. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳುಳ್ಳ ಅನುಷ್ಟುಪ್ ಶ್ಲೋಕದ 32 ಅಕ್ಷರಗಳು 64 ಮನೆಗಳ ಹಾಸಿನ ಸರಿಯರ್ಧವನ್ನು ತುಂಬುತ್ತವೆ. ಕುದುರೆ ಎರಡು ಮನೆ ನೇರ, ಒಂದು ಮನೆ ಅಡ್ಡ ಹಾರುತ್ತ ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟಬೇಕು. ನಾಲ್ಕೇ ಸಾಲಿನ ಹಾಸಿನಲ್ಲಿ ಇದು ಹೊರಟ ಮನೆಗೆ ಮರಳಲಾರದು. ಸಂಚಾರ ಬೇರೊಂದು ಮನೆಯಲ್ಲಿ ಮುಗಿಯುತ್ತದೆ.

ಇದರ ಪ್ರಾಚೀನ ಉದಾಹರಣೆ 9ನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟನ ಕಾವ್ಯಾಲಂಕಾರದಲ್ಲಿದೆ; ರಥಪದ, ಗಜಪದ ಬಂಧಗಳೂ ಅಲ್ಲಿವೆ. ಅವನ ಶ್ಲೋಕವನ್ನು ಸಾಲಾಗಿ ಓದಿದರೂ ಕುದುರೆಯ ಹಾದಿಯಲ್ಲಿ ಓದಿದರೂ ಪಾಠ ಒಂದೇ. ಇದಕ್ಕಾಗಿ ಕೆಲವೇ ಅಕ್ಷರಗಳು ಮತ್ತೆಮತ್ತೆ ಬರುವುದರಿಂದ ಅರ್ಥ ಕ್ಲಿಷ್ಟ. ಶ್ರೀವೈಷ್ಣವ ಆಚಾರ್ಯ ವೇದಾಂತ ದೇಶಿಕರು (1268–1369) ಪಾದುಕಾಸಹಸ್ರದ ಚಿತ್ರಪದ್ಧತಿಯಲ್ಲಿ ಇನ್ನೂ ಕಠಿಣವಾದುದನ್ನು ಸಾಧಿಸಿದ್ದಾರೆ: ಒಂದು ಶ್ಲೋಕದ ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಹೆಕ್ಕಿದರೆ ಅರ್ಥವುಳ್ಳ ಮತ್ತೊಂದು ಶ್ಲೋಕ, ಅಂದರೆ ಮುಂದಿನ ಪದ್ಯವೇ, ದೊರೆಯುತ್ತದೆ. ಬಂಧದ ಉತ್ಕೃಷ್ಟ ರೂಪವಿದು.

ಮಮ್ಮಟ ಮೊದಲಾದ ಆಲಂಕಾರಿಕರು ಚಿತ್ರಕಾವ್ಯವನ್ನು ಕಾವ್ಯದ ಕೆಳದರ್ಜೆಗೆ ಸೇರಿಸಿದರು. ಆದರೆ ಕುದುರೆಯ ಸಂಚಾರದ ಅತ್ಯಂತ ಹಳೆಯ ದಾಖಲೆಗಳಲ್ಲೊಂದಾಗಿ ಚದುರಂಗದ ಇತಿಹಾಸಕ್ಕೆ ರುದ್ರಟನ ಶ್ಲೋಕ ಮುಖ್ಯ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದೇ ಸಂಚಾರವನ್ನು 64 ಮನೆಗಳ ಇಡೀ ಹಾಸಿನಲ್ಲಿ ಅಕ್ಷರದ ಬದಲು ಅಂಕೆಗಳಿಗೆ ಅಳವಡಿಸಿ, ಅಡ್ಡ ಮತ್ತು ಕಂಬ ಸಾಲುಗಳ ಮೊತ್ತ 260 ಆಗುವ ಬಂಧವನ್ನು ರಚಿಸಿದರು.