ಸರಕಿನ ಬೆಲೆ, ದಾರಿಯ ಬೆಲೆ

ಮನೆಯಲ್ಲೇ ಕುಳಿತು ಮೊಬೈಲಿನ ಮೂಲಕ ಸರಕು ಮಾರುವ ಸಣ್ಣ ವ್ಯಾಪಾರಿಗಳು ಇಂದು ಊರೂರಲ್ಲೂ ಇದ್ದಾರೆ. ಅತ್ತರು, ಖರ್ಜೂರ, ಉಪ್ಪಿನಕಾಯಿ, ಬಟ್ಟೆ, ಪುಸ್ತಕ, ಎಲ್ಲಕ್ಕೂ ಗಿರಾಕಿಗಳಿದ್ದಾರೆ. ಅವರಲ್ಲಿ ಯಾರನ್ನೇ ಕೇಳಿದರೂ ಒಂದು ದೂರು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: "ಇನ್ನೂರು ರೂಪಾಯಿಯ ಸಾಮಾನಿಗೆ ತೊಂಬತ್ತು ರೂಪಾಯಿ ಸಾಗಣೆ ವೆಚ್ಚವೇ?" ವ್ಯಾಪಾರಿಯ ಉತ್ತರವೂ ಸಿದ್ಧವಾಗಿರುತ್ತದೆ: "ಅದು ನನ್ನ ಜೇಬಿಗೆ ಬರುವ ದುಡ್ಡಲ್ಲ, ಕೊರಿಯರಿನವರದು." ಗಿರಾಕಿ ನಂಬುವುದಿಲ್ಲ, ವ್ಯಾಪಾರಿಗೆ ಬೇಸರ. ಎಷ್ಟೋ ಸಲ ಸಂಬಂಧವೇ ಕಡಿದುಹೋಗುತ್ತದೆ.

ಇದು ಅಂತರಜಾಲ ತಂದಿಟ್ಟ ಹೊಸ ತಲೆನೋವು ಎಂದು ನಾವು ಭಾವಿಸುತ್ತೇವೆ. ಆದರೆ ಸರಕು ಒಂದೂರಿನಿಂದ ಇನ್ನೊಂದೂರಿಗೆ ಹೊರಟ ದಿನದಿಂದಲೂ ಈ ತಕರಾರು ಇದೆ. ನಮ್ಮ ಹಿರಿಯರು ಇದನ್ನು ಕಂಡಿದ್ದರು, ಚರ್ಚಿಸಿದ್ದರು, ತೀರ್ಮಾನವನ್ನೂ ಬರೆದಿಟ್ಟಿದ್ದರು.

ಹಿಜರಿ ಎರಡನೆಯ ಶತಮಾನದ ಮದೀನಾಕ್ಕೆ ಹೋಗೋಣ. ಇಮಾಮ್ ಮಾಲಿಕ್(ರ) ಅಲ್ಲಿನ ಮಹಾ ವಿದ್ವಾಂಸರು. ಅವರು ನಿಧನರಾದದ್ದು ಹಿಜರಿ 179ರಲ್ಲಿ, ಅಂದರೆ ಕ್ರಿ.ಶ. 795ರಲ್ಲಿ. ಅವರ 'ಮುವತ್ತಾ' ಗ್ರಂಥದಲ್ಲಿ ವ್ಯಾಪಾರದ ಭಾಗದೊಳಗೆ 'ಮುರಾಬಹ' ಎಂಬ ಮಾರಾಟದ ವಿಚಾರ ಬರುತ್ತದೆ. ಮುರಾಬಹ ಎಂದರೆ ಅಸಲು ಬೆಲೆಯನ್ನು ಗಿರಾಕಿಗೆ ತಿಳಿಸಿ, ಅದರ ಮೇಲೆ ಗೊತ್ತಾದ ಲಾಭ ಇಟ್ಟು ಮಾರುವುದು. ಚೌಕಾಸಿಗೆ ಇಲ್ಲಿ ಎಡೆಯಿಲ್ಲ. ಗಿರಾಕಿ ವ್ಯಾಪಾರಿಯ ಮಾತನ್ನೇ ನಂಬಿ ಹಣ ಕೊಡುತ್ತಾನೆ.

ಅಲ್ಲಿ ಎತ್ತಿಕೊಂಡಿರುವ ಸಮಸ್ಯೆ ಇಂದಿನದರಂತೆಯೇ ಇದೆ. ಒಬ್ಬ ಒಂದೂರಲ್ಲಿ ಬಟ್ಟೆ ಕೊಂಡು ಇನ್ನೊಂದೂರಿಗೆ ಸಾಗಿಸಿ ಮಾರುತ್ತಾನೆ. ಅವನ ಅಸಲಿನಲ್ಲಿ ಏನೇನು ಸೇರಬೇಕು? ದಲ್ಲಾಳಿಯ ಕೂಲಿ, ಬಟ್ಟೆ ಮಡಿಸಿ ಕಟ್ಟಿದ್ದು, ತಂಗಿದ ಮನೆಯ ಬಾಡಿಗೆ ಇವನ್ನು ಅಸಲಿಗೆ ಸೇರಿಸುವಂತಿಲ್ಲ ಎಂಬುದು ಮದೀನಾದ ರೂಢಿ. ಸಾಗಣೆಯ ಬಾಡಿಗೆಯನ್ನು ಸೇರಿಸಬಹುದು, ಆದರೆ ಅದರ ಮೇಲೆ ಲಾಭ ಹಾಕುವಂತಿಲ್ಲ. ಎದುರಿನವನಿಗೆ ಎಲ್ಲವನ್ನೂ ತಿಳಿಸಿ, ಅವನು ಒಪ್ಪಿದರೆ ಮಾತ್ರ ಲಾಭಕ್ಕೆ ಅಡ್ಡಿಯಿಲ್ಲ.

ಒಂದು ಲೆಕ್ಕ ನೋಡೋಣ. ಬಟ್ಟೆಗೆ 400 ರೂಪಾಯಿ, ಸಾಗಣೆಗೆ 70 ರೂಪಾಯಿ, ಲಾಭ ಹತ್ತಕ್ಕೆ ಒಂದು. ಇಮಾಮ್ ಮಾಲಿಕರ ಪ್ರಕಾರ ಲಾಭ 400ರ ಮೇಲೆ ಮಾತ್ರ, ಅಂದರೆ 40 ರೂಪಾಯಿ. ಗಿರಾಕಿ ಕೊಡಬೇಕಾದದ್ದು 510. ಸಾಗಣೆಯನ್ನೂ ಅಸಲಿನೊಳಗೆ ಸದ್ದಿಲ್ಲದೆ ಸೇರಿಸಿ ಲಾಭ ಹಾಕಿದರೆ 517 ಆಗುತ್ತದೆ. ಕೇವಲ ಏಳು ರೂಪಾಯಿಗೆ ಇಷ್ಟೊಂದು ಚರ್ಚೆಯೇ ಎಂದು ಕೇಳಬಹುದು. ಆ ಏಳು ರೂಪಾಯಿ ಗಿರಾಕಿಗೆ ತಿಳಿಯದಂತೆ ಅವನ ಜೇಬಿನಿಂದ ಹೋಗುತ್ತದೆ ಎಂಬುದೇ ಚರ್ಚೆಗೆ ಕಾರಣ.

ಹನಫಿ ವಿದ್ವಾಂಸರ ಲೆಕ್ಕ ಸ್ವಲ್ಪ ಬೇರೆ. 1197ರಲ್ಲಿ ನಿಧನರಾದ ಮರ್ಗೀನಾನಿಯವರ 'ಅಲ್ ಹಿದಾಯ' ಗ್ರಂಥದಂತೆ ಬಣ್ಣ ಹಾಕಿಸಿದ ಕೂಲಿ, ಕಸೂತಿಯ ಕೂಲಿ, ಧಾನ್ಯ ಸಾಗಿಸಿದ ಬಾಡಿಗೆ ಇವನ್ನೆಲ್ಲ ಅಸಲಿಗೆ ಸೇರಿಸಬಹುದು. ಆಗ ನಮ್ಮ ಬಟ್ಟೆಯ ಅಸಲು 470 ಆಗುತ್ತದೆ, ಲಾಭವೂ ಅದರ ಮೇಲೆ ಬರುತ್ತದೆ. ಆದರೆ ಒಂದು ಷರತ್ತು: ವ್ಯಾಪಾರಿ "470ಕ್ಕೆ ಕೊಂಡೆ" ಎನ್ನಬಾರದು, "ನನಗೆ 470ಕ್ಕೆ ಬಿದ್ದಿದೆ" ಎನ್ನಬೇಕು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ನಮ್ಮ ಪೇಟೆಯ ಅಂಗಡಿಯವರು ಇಂದಿಗೂ "ನಮಗೇ ಇಷ್ಟಕ್ಕೆ ಬಿದ್ದಿದೆ" ಎನ್ನುತ್ತಾರೆ. ಆ ಮಾತಿನ ಹಿಂದೆ ಎಷ್ಟು ದೊಡ್ಡ ಜವಾಬ್ದಾರಿ ಇದೆ ಎಂಬುದನ್ನು ನಾವು ಯೋಚಿಸುವುದೇ ಇಲ್ಲ.

ಹೇಳಿದ ಅಸಲು ಸುಳ್ಳೆಂದು ಬಳಿಕ ಗೊತ್ತಾದರೆ? ಇಮಾಮ್ ಅಬೂ ಹನೀಫಾ(ರ) ಅವರ ಪ್ರಕಾರ ಗಿರಾಕಿ ಬೇಕಿದ್ದರೆ ಅದೇ ಬೆಲೆಗೆ ಇಟ್ಟುಕೊಳ್ಳಬಹುದು, ಬೇಡವಾದರೆ ಸರಕು ಮರಳಿಸಬಹುದು. ಅವರ ಶಿಷ್ಯ ಅಬೂ ಯೂಸುಫ್(ರ) ಅವರ ಪ್ರಕಾರ ಸುಳ್ಳಾಗಿ ಸೇರಿಸಿದ ಮೊತ್ತವನ್ನೂ ಅದರ ಮೇಲಿನ ಲಾಭವನ್ನೂ ಕಳೆಯಬೇಕು. ಲೆಕ್ಕದಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇದೆ. ಮುಚ್ಚಿಡಬಾರದು ಎಂಬಲ್ಲಿ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ಇವೆಲ್ಲ ಗ್ರಂಥಗಳಲ್ಲೇ ಉಳಿದ ಆದರ್ಶಗಳೇ, ಇಲ್ಲ ವ್ಯಾಪಾರಿಗಳು ನಿಜಕ್ಕೂ ಖರ್ಚನ್ನು ಬಿಡಿಸಿ ತೋರಿಸುತ್ತಿದ್ದರೇ? ಇದಕ್ಕೆ ಉತ್ತರ ನಮ್ಮ ಮಂಗಳೂರಿನ ಕಡೆಯಿಂದಲೇ ಸಿಗುತ್ತದೆ. ಕೈರೋದ ಹಳೆಯ ಭಾಗವಾದ ಫುಸ್ತಾತ್‌ನ ಒಂದು ಯಹೂದಿ ಪ್ರಾರ್ಥನಾಲಯದಲ್ಲಿ, ದೇವರ ಹೆಸರಿರುವ ಕಾಗದ ಹಾಳಾಗಬಾರದೆಂದು ಎಲ್ಲ ಬಗೆಯ ಬರಹಗಳನ್ನೂ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. 'ಗೆನಿಜಾ' ಎಂದು ಹೆಸರಾದ ಈ ರಾಶಿಯ ದೊಡ್ಡ ಭಾಗ 1896-97ರಲ್ಲಿ ಕೇಂಬ್ರಿಜ್‌ಗೆ ಹೋಯಿತು. ಅದರಲ್ಲಿ ಹನ್ನೆರಡನೆಯ ಶತಮಾನದ ಅಬ್ರಹಾಂ ಬಿನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿದ್ದವು. ಟುನೀಸಿಯಾ ಮೂಲದ ಈತ 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ, 1149ರಲ್ಲಿ ಏಡನ್‌ಗೆ ಮರಳಿದ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ, ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆಗಳನ್ನು ಏಡನ್‌ಗೆ ಕಳಿಸಿದ. ಅವನ ವ್ಯವಹಾರಗಳಿಗೆ ಏಡನ್‌ವರೆಗೂ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಗುರುತಿಸಿದ್ದಾರೆ. ವ್ಯಾಪಾರಿಗಳು ಯಹೂದಿಗಳು, ಪತ್ರದ ಭಾಷೆ ಅರಬಿ. ಸರಕು ಮುಸ್ಲಿಮರ ಹಡಗಿನಲ್ಲೂ ಹೋಗುತ್ತಿತ್ತು, ಹಿಂದೂ ವ್ಯಾಪಾರಿಗಳೊಂದಿಗೂ ಪಾಲುದಾರಿಕೆ ಇತ್ತು.

ಈ ಪತ್ರಗಳಲ್ಲಿ ಸುಂಕ, ಹಮಾಲಿ ಮುಂತಾದ ಖರ್ಚುಗಳು ಬೇರೆ ಬೇರೆಯಾಗಿ ಬರುತ್ತವೆ. ದೂರುಗಳೂ ಇವೆ: ಏಲಕ್ಕಿಗೆಂದು ಕೊಟ್ಟ ಮುಂಗಡ ಏನಾಯಿತು, ಸರಕು ಯಾಕೆ ಬರಲಿಲ್ಲ ಎಂಬ ವಿಚಾರಣೆಗಳು. ಎಲ್ಲಕ್ಕಿಂತ ಮನಮುಟ್ಟುವುದು ಒಂದು ಹಡಗಿನ ಸುದ್ದಿ. ಬಿನ್ ಯಿಜು ಏಡನ್‌ನ ತನ್ನ ಪಾಲುದಾರನಿಗೆ ಕಳಿಸಿದ ಮೆಣಸು, ಕಬ್ಬಿಣವನ್ನು ಹೊತ್ತ ಹಡಗು ಬಾಬುಲ್ ಮಂದಬ್ ಬಳಿ ಒಡೆಯಿತು. ಮೆಣಸು ಪೂರ್ತಿ ನೀರುಪಾಲಾಯಿತು. ಏಡನ್‌ನಿಂದ ಬಂದ ನುರಿತ ಮುಳುಗುಗಾರರು ಕಬ್ಬಿಣದಲ್ಲಿ ಸುಮಾರು ಅರ್ಧವನ್ನು ಮೇಲೆತ್ತಿದರು. ಅದಕ್ಕೆ ತಗಲಿದ ಖರ್ಚನ್ನು ಕಳೆದು, ಉಳಿದದ್ದನ್ನು ಎರಡು ಸಮಪಾಲು ಮಾಡುವುದಾಗಿ ಪಾಲುದಾರ ಬರೆದ. ಆ ಸಮುದ್ರದ ದಡದಲ್ಲಿ ಏನು ನಡೆಯಿತೆಂದು ಮಂಗಳೂರಿನಲ್ಲಿ ಕುಳಿತವನಿಗೆ ನೋಡಲು ಸಾಧ್ಯವಿರಲಿಲ್ಲ. ಕಬ್ಬಿಣ ಎಲ್ಲವೂ ಮುಳುಗಿತು ಎಂದು ಬರೆದಿದ್ದರೂ ನಂಬಬೇಕಿತ್ತು. ಹಾಗೆ ಬರೆಯದಿದ್ದುದೇ ಆ ವ್ಯಾಪಾರದ ಬಂಡವಾಳ.

ಶತಮಾನಗಳ ನಂತರ ಅಂಚೆ ಬಂತು. ಹಿಂದೆ ಅಂಚೆಯ ದರ ದೂರವನ್ನು ನೋಡಿ ಏರುತ್ತಿತ್ತು. 1854ರಲ್ಲಿ ಭಾರತದಲ್ಲಿ ಕಾಲು ತೊಲೆ ತೂಕದ ಪತ್ರಕ್ಕೆ ಎಷ್ಟೇ ದೂರವಾದರೂ ಅರ್ಧ ಆಣೆ ಎಂದಾಯಿತು. ಕಳಿಸುವ ವೆಚ್ಚ ಎಲ್ಲರಿಗೂ ಮೊದಲೇ ತಿಳಿಯುವಂತಾಯಿತು. 1877ರಲ್ಲಿ ವಿ.ಪಿ.ಪಿ. ಆರಂಭವಾಯಿತು. ಗಿರಾಕಿ ಮನೆ ಬಾಗಿಲಲ್ಲಿ ಹಣ ಕೊಟ್ಟು ಕಟ್ಟನ್ನು ಬಿಡಿಸಿಕೊಳ್ಳುವ ಈ ಪದ್ಧತಿ ಕನ್ನಡದ ಪುಸ್ತಕ, ಪತ್ರಿಕೆಗಳನ್ನು ಹಳ್ಳಿಗಳಿಗೆ ತಲುಪಿಸಿತು. ಗಿರಾಕಿ ಬೇಡವೆಂದರೆ ಕಟ್ಟು ಮರಳಿ ಬರುತ್ತಿತ್ತು, ನಷ್ಟ ಕಳಿಸಿದವನದು. ಅದಕ್ಕೇ ಪುಸ್ತಕದ ಜಾಹೀರಾತುಗಳಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂಬ ಒಂದು ಸಾಲು ಇರುತ್ತಿತ್ತು. ಆ ಚಿಕ್ಕ ಸಾಲು ಎಷ್ಟು ಜಗಳಗಳನ್ನು ತಪ್ಪಿಸಿದೆಯೋ!

ಅಂತರಜಾಲದ ಪೇಟೆಯಲ್ಲಿ ಆ ಸಾಲು ಅಳಿಸಿಹೋಯಿತು. ಅಮೆರಿಕದ ಇಬೇ ತಾಣದಲ್ಲಿ ಕೆಲವರು ಸರಕಿಗೆ ಪುಡಿಗಾಸಿನ ಬೆಲೆ ತೋರಿಸಿ, ಸಾಗಣೆಗೆ ಭಾರಿ ಮೊತ್ತ ಹಾಕತೊಡಗಿದರು. ತಾಣ ತನ್ನ ಪಾಲನ್ನು ಸರಕಿನ ಬೆಲೆಯ ಮೇಲೆ ಮಾತ್ರ ಪಡೆಯುತ್ತಿದ್ದುದರಿಂದ ಇದು ವ್ಯಾಪಾರಿಗೆ ಎರಡು ಕಡೆಯಿಂದ ಲಾಭ. ಗಿರಾಕಿಗಳ ದೂರು ಬೆಳೆಯಿತು. 2007ರಲ್ಲಿ ಸಾಗಣೆ ವೆಚ್ಚ ನ್ಯಾಯವಾಗಿದೆಯೇ ಎಂದು ಗಿರಾಕಿಗಳೇ ಅಂಕ ಕೊಡುವ ವ್ಯವಸ್ಥೆ ಬಂತು. 2011ರಿಂದ ಸಾಗಣೆ ವೆಚ್ಚದ ಮೇಲೂ ತಾಣ ತನ್ನ ಪಾಲು ಪಡೆಯತೊಡಗಿತು. ನಮ್ಮ ದೇಶದಲ್ಲಿ 2020ರ ಇ-ವಾಣಿಜ್ಯ ನಿಯಮಗಳು ಒಟ್ಟು ಬೆಲೆಯನ್ನೂ, ಅದರಲ್ಲಿ ಸಾಗಣೆ, ಅಂಚೆ, ತೆರಿಗೆ ಎಷ್ಟೆಷ್ಟು ಎಂಬುದನ್ನೂ ತೋರಿಸಬೇಕೆಂದವು. ಕೊಳ್ಳುವ ಕೊನೆಯ ಹೆಜ್ಜೆಯಲ್ಲಿ ಖರ್ಚನ್ನು ಹನಿಹನಿಯಾಗಿ ಹೊರಗೆಡಹುವುದು ಮೋಸದ ತಂತ್ರ ಎಂದು 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಸಾರಿತು. ಮದೀನಾದಲ್ಲಿ ಹನ್ನೆರಡು ಶತಮಾನಗಳ ಹಿಂದೆ ಬರೆದಿಟ್ಟ ನ್ಯಾಯಕ್ಕೆ ಕಾನೂನು ಸುತ್ತಿ ಬಳಸಿ ಬಂದು ಸೇರಿತು.

ಹಾಗಾದರೆ ಇಂದಿನ ಸಣ್ಣ ವ್ಯಾಪಾರಿ ಏನು ಮಾಡಬೇಕು? ಗಿರಾಕಿ ಹಣ ಕೊಡುವ ಮೊದಲೇ ಸರಕಿನ ಬೆಲೆ ಇಷ್ಟು, ಕಟ್ಟುವುದಕ್ಕೆ ಇಷ್ಟು, ಸಾಗಣೆಗೆ ಇಷ್ಟು ಎಂದು ಹೇಳಲಿ. ದೂರು ಬಂದಾಗ ಕೊರಿಯರಿನ ರಸೀದಿಯನ್ನು ಮುಂದಿಡಲಿ. ಅಂದಾಜಿಗಿಂತ ಕಡಿಮೆ ಖರ್ಚಾಗಿದ್ದರೆ ಉಳಿಕೆಯನ್ನು ಕೇಳುವ ಮೊದಲೇ ಮರಳಿಸಲಿ. ಎರಡು ಸಾಮಾನನ್ನು ಒಂದೇ ಕಟ್ಟಿನಲ್ಲಿ ಕಳಿಸಿ ಎರಡು ಬಾಡಿಗೆ ಪಡೆಯದಿರಲಿ. ಲಾಭ ಬೇಕೆಂದರೆ ಸರಕಿನ ಮೇಲೆ ಬಹಿರಂಗವಾಗಿ ಇಡಲಿ, ಅದು ಹಲಾಲ್, ಅದಕ್ಕೆ ನಾಚಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ, ಒಳಗಿನ ಒದ್ದೆಯನ್ನು ಹೊರಗೆ ಕಾಣುವಂತೆ ಏಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಮಗೆಲ್ಲ ಗೊತ್ತು. ಸಾಗಣೆ ವೆಚ್ಚದಲ್ಲಿ ಅಡಗಿಸಿದ ಲಾಭವೂ ಒಳಗಿನ ಒದ್ದೆಯೇ.

ಗಿರಾಕಿಗಳಾದ ನಮಗೂ ಒಂದು ಪಾಠವಿದೆ. 'ಉಚಿತ ಸಾಗಣೆ' ಎಂದು ಕಂಡಲ್ಲಿ ಹಿಗ್ಗುತ್ತೇವೆ, ಐವತ್ತು ರೂಪಾಯಿ ಕೇಳಿದ ಪಕ್ಕದೂರಿನ ಸಣ್ಣ ವ್ಯಾಪಾರಿಯನ್ನು ಲೂಟಿಕೋರ ಎನ್ನುತ್ತೇವೆ. ದೊಡ್ಡ ಕಂಪೆನಿ ಆ ಖರ್ಚನ್ನು ಸರಕಿನ ಬೆಲೆಯಲ್ಲಿ ಸೇರಿಸಬಹುದು, ತನ್ನ ತಾಣದಲ್ಲಿ ಮಾರುವ ಬಡ ವ್ಯಾಪಾರಿಯ ಮೇಲೆ ಹೊರಿಸಬಹುದು, ಕಟ್ಟು ತಂದುಕೊಡುವ ಹುಡುಗನ ಕೂಲಿಯಲ್ಲಿ ಕಡಿಯಬಹುದು. ದಾರಿ ಮಾತ್ರ ಯಾರಿಗೂ ಉಚಿತವಲ್ಲ. ಏಡನ್‌ನ ಮುಳುಗುಗಾರರ ಕೂಲಿ ಪಾಲುದಾರರ ಲಾಭಕ್ಕಿಂತ ಮೊದಲು ಲೆಕ್ಕಕ್ಕೆ ಬಂದಿತ್ತು. ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಕಲಿತವರು ನಾವು. ಆ್ಯಪ್‌ಗಳ ಮೂಲಕ ದುಡಿಯುವವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಕಾನೂನು ತಂದಿರುವುದು ಈ ದಿಕ್ಕಿನ ಒಂದು ಹೆಜ್ಜೆ.

ಸಾಗಣೆ ವೆಚ್ಚವೆಂದರೆ ಬಿಸಿಲಲ್ಲಿ, ಮಳೆಯಲ್ಲಿ ನಮ್ಮ ಸರಕನ್ನು ಹೊತ್ತು ತಂದವನ ಅನ್ನ. ವ್ಯಾಪಾರಿ ಅದನ್ನು ತನ್ನ ಲಾಭಕ್ಕೆ ಮುಸುಕಾಗಿ ಬಳಸಬಾರದು. ನ್ಯಾಯವಾಗಿ ಕೇಳಿದಾಗ ಗಿರಾಕಿಯೂ ಅದಕ್ಕಾಗಿ ಗೊಣಗಬಾರದು.